ಕೈಪಿಡಿಯ ಐಚ್ಛಿಕತೆ: ಮುಕ್ತ ತಂತ್ರಾಂಶಗಳ ನಿರ್ಮಾಣಕ್ರಮವನ್ನು ಕುರಿತು ಒಂದು ವಿಚಾರ

೧

ಶಾಸ್ತ್ರಗ್ರಂಥಕ್ಕೆ ವೃತ್ತಿಯು ಅಂಗವೋ ಅನುಬಂಧವೋ ಎಂಬ ಪ್ರಶ್ನೆ ಕನ್ನಡ ವ್ಯಾಕರಣವನ್ನು ಓದಿದವರಿಗೆ ಅಪರಿಚಿತವಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದ ಸೂತ್ರಗಳಿಗೆ ತಾನೇ ವೃತ್ತಿಯನ್ನು ರಚಿಸಿದನು. ಭಟ್ಟಾಕಲಂಕನು ೧೬೦೪ರ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ ಸೂತ್ರ, ವೃತ್ತಿ, ವ್ಯಾಖ್ಯಾನ ಈ ಮೂರನ್ನೂ ತಾನೇ ಬರೆದನು. ಸೂತ್ರಗಳನ್ನು ಮಾತ್ರ ಪ್ರತಿಮಾಡಿಕೊಳ್ಳುವ ಲಿಪಿಕಾರನು ಶಾಸ್ತ್ರವನ್ನು ಕೆಡಿಸಿದನೆಂದು ಹೇಳಲಾಗದು. ಆದರೆ ಅವನ ಪ್ರತಿಯನ್ನು ಪಡೆದ ವಿದ್ಯಾರ್ಥಿಗೆ ಶಾಸ್ತ್ರವು ಪೂರ್ಣವಾಗಿ ದೊರೆಯಿತೆಂದೂ ಹೇಳಲಾಗದು. ಲಿಪಿಕಾರನಿಗೆ ಓಲೆ ಉಳಿಯಿತು, ಶ್ರಮ ಉಳಿಯಿತು. ಅದರ ಬೆಲೆಯನ್ನು ತೆರುವವನು ಓದುಗನು. ಇದನ್ನು ಹೋಲುವ ಸಂದರ್ಭವೊಂದು ನಮ್ಮ ಕಾಲದ ಗಣಕಶಾಸ್ತ್ರದಲ್ಲಿ ಒದಗಿದೆ. ಪ್ರಕೃತ ಲೇಖನದ ವಿಷಯ ಅದು.

ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ರೀತಿಯಲ್ಲಿ ಮೂಲಪಾಠವನ್ನು ಬಿಟ್ಟುಕೊಟ್ಟಿರುವ ತಂತ್ರಾಂಶವೇ ಮುಕ್ತ ತಂತ್ರಾಂಶ. ಆ ಮೂಲಪಾಠವನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ಕ್ರಿಯೆಯನ್ನು ಬಿಲ್ಡ್ ಎನ್ನುತ್ತಾರೆ; ಇಲ್ಲಿ ಅದನ್ನು ‘ನಿರ್ಮಾಣ’ವೆಂದು ಕರೆಯೋಣ. ಮೂಲಪಾಠದ ಜೊತೆಯಲ್ಲಿಯೇ ಅದರ ಕೈಪಿಡಿಯೂ ಸಾಮಾನ್ಯವಾಗಿ ಇರುತ್ತದೆ. ಆದರೆ ಅದು ಓದಲು ಸಿದ್ಧವಾದ ಪುಟಗಳ ರೂಪದಲ್ಲಿರುವುದಿಲ್ಲ. ಶೀರ್ಷಿಕೆ, ಪಟ್ಟಿ, ಉದಾಹರಣೆ ಮೊದಲಾದುವನ್ನು ಸೂಚಿಸುವ ಗುರುತುಗಳಿಂದ ಕೂಡಿದ ಸರಳ ಬರೆಹವಾಗಿರುತ್ತದೆ. ನಿರ್ಮಾಣದ ವೇಳೆಯಲ್ಲಿ ಮತ್ತೊಂದು ಸಾಧನವು ಅದನ್ನು ಓದಿ ಪುಟಗಳಾಗಿ ರೂಪಿಸಬೇಕು. ಈ ರೂಪಿಸುವ ಕೆಲಸ ಕಡ್ಡಾಯವಾಗಿರಬೇಕೆ, ಐಚ್ಛಿಕವಾಗಿರಬೇಕೆ? ಅನೇಕ ತಂತ್ರಾಂಶಕರ್ತರು ‘ಐಚ್ಛಿಕ’ವೆಂದೇ ಉತ್ತರ ಕೊಟ್ಟಿದ್ದಾರೆ.

ಆ ಉತ್ತರ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ‘ಕೈಪಿಡಿ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಕೆಲಸಗಳು ಅಡಗಿವೆ: ಬರೆಯುವುದು, ರೂಪಿಸುವುದು, ಓದುಗನಿಗೆ ತಲಪಿಸುವುದು. ಐಚ್ಛಿಕತೆಗೆ ಯೋಗ್ಯವಾದುದು ಇವುಗಳಲ್ಲಿ ನಡುವಿನದು ಮಾತ್ರ. ನಡುವಿನ ಕೆಲಸಕ್ಕೆ ಕೊಟ್ಟ ಸ್ವಾತಂತ್ರ್ಯವು ಸದ್ದಿಲ್ಲದೆ ಮೊದಲನೆಯದಕ್ಕೂ ಮೂರನೆಯದಕ್ಕೂ ಹರಡಿಕೊಳ್ಳುತ್ತದೆ. ಹರಡಿಕೊಂಡಾಗ ಅದರ ನಷ್ಟವನ್ನು ಅನುಭವಿಸುವವನು ಆಯ್ಕೆಯನ್ನು ಮಾಡಿದವನಲ್ಲ. ಈ ಎರಡು ಸಂಗತಿಗಳನ್ನು ಉದಾಹರಣೆಗಳಿಂದ ತೋರಿಸುವುದು ಇಲ್ಲಿಯ ಉದ್ದೇಶ.

೨

ಮೊದಲು ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯ ಕೈಪಿಡಿಯ ಮೊದಲನೆಯ ಆವೃತ್ತಿಯ ಮೇಲೆ ೧೯೭೧ನೆಯ ನವೆಂಬರ್ ೩ರ ತಾರೀಖು ಇದೆ. ಅದನ್ನು ಬರೆದವರು ವ್ಯವಸ್ಥೆಯನ್ನು ರಚಿಸಿದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಇವರೇ. ಒಂದೊಂದು ಆಜ್ಞೆಗೂ ಒಂದು ಪುಟ. ಒಂದೊಂದು ಪುಟದಲ್ಲಿಯೂ ಹೆಸರು, ಪ್ರಯೋಗದ ರೀತಿ, ವಿವರಣೆ, ಸಂಬಂಧಪಟ್ಟ ಇತರ ಪುಟಗಳು ಎಂಬ ಗೊತ್ತಾದ ವಿಭಾಗಗಳು. ಇವುಗಳಲ್ಲಿ ‘ದೋಷಗಳು’ ಎಂಬ ವಿಭಾಗವೂ ಒಂದು. ತಾವು ರಚಿಸಿದ ಆಜ್ಞೆಯಲ್ಲಿ ಇನ್ನೂ ಉಳಿದಿರುವ ಕೊರತೆಯನ್ನು ಕರ್ತೃಗಳೇ ಅಲ್ಲಿ ಒಪ್ಪಿಕೊಳ್ಳುತ್ತಾರೆ. ವ್ಯಾಪಾರದ ಜಾಹೀರಾತಿಗೂ ಶಾಸ್ತ್ರದ ವೃತ್ತಿಗೂ ಇರುವ ಅಂತರವನ್ನು ಈ ಒಂದು ವಿಭಾಗದಿಂದಲೇ ಅಳೆಯಬಹುದು.

ಆ ಕಾಲದಲ್ಲಿ ಐಚ್ಛಿಕತೆಯ ಪ್ರಶ್ನೆ ಏಳಲಿಲ್ಲ. ಪುಟಗಳನ್ನು ರೂಪಿಸುವ ‘ರಾಫ್’ ಎಂಬ ಸಾಧನವು ಯುನಿಕ್ಸ್ ವ್ಯವಸ್ಥೆಯ ಒಳಗೇ ಇದ್ದಿತು. ಇಷ್ಟೇ ಅಲ್ಲ: ಆ ತಂಡಕ್ಕೆ ಪಿಡಿಪಿ-೧೧ ಯಂತ್ರ ದೊರೆತುದೇ ಬರೆಹವನ್ನು ಅಣಿಗೊಳಿಸುವ ವ್ಯವಸ್ಥೆಯನ್ನು ಕಟ್ಟಿಕೊಡುತ್ತೇವೆಂಬ ಮಾತಿನ ಮೇಲೆ, ಅದನ್ನು ಮೊದಲು ಬಳಸಿದವರು ಅಲ್ಲಿಯ ಪೇಟೆಂಟ್ ವಿಭಾಗದವರು. ಹೀಗೆ ಯಂತ್ರ, ತಂತ್ರಾಂಶ, ಕೈಪಿಡಿ, ಕೈಪಿಡಿಯನ್ನು ರೂಪಿಸುವ ಸಾಧನ ನಾಲ್ಕೂ ಒಂದೇ ಮನೆಯಲ್ಲಿದ್ದುವು. ಮುಂದೆ ೧೯೮೦ರ ದಶಕದಲ್ಲಿ ಎಟಿ ಅಂಡ್ ಟಿ ಸಂಸ್ಥೆಯು ರೂಪಿಸುವ ಸಾಧನಗಳನ್ನು ಬೇರೆ ಮಾಡಿ ಪ್ರತ್ಯೇಕವಾಗಿ ಮಾರತೊಡಗಿದ ಮೇಲೆ, ಕೊಳ್ಳದವರಿಗೆ ಮೊದಲೇ ರೂಪಿಸಿಟ್ಟ ಪುಟಗಳಷ್ಟೇ ಗತಿಯಾದುವು. ಮನೆ ಒಡೆದುದು ಆಗ. ೧೯೯೦ರಲ್ಲಿ ಜೇಮ್ಸ್ ಕ್ಲಾರ್ಕ್ ಅವರು ಹೊರತಂದ ‘ಜಿ-ರಾಫ್’ ಎಂಬ ಮುಕ್ತ ಸಾಧನವು ಆ ಕೊರತೆಯನ್ನು ತುಂಬಿತು.

ಬೇರೊಂದು ದಿಕ್ಕಿನಿಂದ ಇದೇ ವಿಷಯವನ್ನು ಚಿಂತಿಸಿದವರು ಡೊನಾಲ್ಡ್ ಕನೂತ್. ‘ಸಾಹಿತ್ಯರೂಪದ ಕ್ರಮವಿಧಿ’ ಎಂದು ಕನ್ನಡಿಸಬಹುದಾದ ಅವರ ಕಲ್ಪನೆ ೧೯೮೪ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟವಾಯಿತು. ಅದರಂತೆ ಕರ್ತೃವು ಬರೆಯುವುದು ಒಂದೇ ಗ್ರಂಥವನ್ನು. ಅದರಲ್ಲಿ ವಿವರಣೆಯೂ ಕ್ರಮವಿಧಿಯೂ ಒಟ್ಟಿಗೆ ಹೆಣೆದುಕೊಂಡಿರುತ್ತವೆ. ‘ಟ್ಯಾಂಗಲ್’ ಎಂಬ ಸಾಧನವು ಅದರಿಂದ ಯಂತ್ರಕ್ಕೆ ಬೇಕಾದುದನ್ನು ತೆಗೆಯುತ್ತದೆ, ‘ವೀವ್’ ಎಂಬುದು ಮನುಷ್ಯನಿಗೆ ಬೇಕಾದುದನ್ನು ರೂಪಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕೈಪಿಡಿಯನ್ನು ಇಷ್ಟು ಎತ್ತರದಲ್ಲಿ ಇರಿಸಿದ ಕನೂತ್ ಅವರ ಪದ್ಧತಿಯಲ್ಲಿಯೂ ರೂಪಿಸುವ ಎರಡು ಕ್ರಿಯೆಗಳು ಬೇರೆ ಬೇರೆಯೇ. ‘ವೀವ್’ ನಡೆಸದೆ ‘ಟ್ಯಾಂಗಲ್’ ಮಾತ್ರ ನಡೆಸಿದರೆ ಕ್ರಮವಿಧಿಗೆ ಯಾವ ಭಂಗವೂ ಇಲ್ಲ. ರೂಪಿಸುವುದು ಐಚ್ಛಿಕ, ಬರೆಯುವುದು ಐಚ್ಛಿಕವಲ್ಲ ಎಂಬ ಭೇದ ಅಲ್ಲಿಯೇ ಸ್ಪಷ್ಟವಾಗಿದೆ.

ರಿಚರ್ಡ್ ಸ್ಟಾಲ್‌ಮನ್ ಅವರು ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಯು ಇದಕ್ಕೆ ಒಂದು ನಿಯಮದ ರೂಪವನ್ನು ಕೊಟ್ಟಿತು. ಆ ಯೋಜನೆಯ ರಚನಾನಿಯಮಗಳ ಪ್ರಕಾರ, ಯಾರೂ ವಿಶೇಷವಾಗಿ ಏನನ್ನೂ ಕೇಳದಿದ್ದಾಗ ನಡೆಯುವ ನಿರ್ಮಾಣದಲ್ಲಿ ಕೈಪಿಡಿಯನ್ನು ಮತ್ತೆ ರೂಪಿಸಬೇಕಾಗಿಲ್ಲ. ಮುದ್ರಣರೂಪದ ಪುಟಗಳನ್ನು ಕೇಳಿದಾಗ ಮಾತ್ರ ತಯಾರಿಸತಕ್ಕದ್ದು. ಆದರೆ ಅದೇ ನಿಯಮವು ಇನ್ನೊಂದು ಮಾತನ್ನೂ ಸೇರಿಸುತ್ತದೆ: ತೆರೆಯ ಮೇಲೆ ಓದಬಹುದಾದ ‘ಇನ್ಫೊ’ ರೂಪದ ಕೈಪಿಡಿಯನ್ನು ಮೊದಲೇ ಸಿದ್ಧಮಾಡಿ ಮೂಲಪಾಠದ ಕಟ್ಟಿನಲ್ಲಿಯೇ ಇಟ್ಟು ಹಂಚಬೇಕು. ಕೈಪಿಡಿಯನ್ನು ರೂಪಿಸುವ ಹೊರೆಯನ್ನು ನಿರ್ಮಿಸುವವನ ಮೇಲಿನಿಂದ ಇಳಿಸಲಾಯಿತು. ಆದರೆ ಅದು ಕರ್ತೃವಿನ ಮೇಲೆ ಬಿದ್ದಿತೇ ಹೊರತು ಮಾಯವಾಗಲಿಲ್ಲ. ಐಚ್ಛಿಕತೆಗೆ ಸಂಬಂಧಪಟ್ಟ ಹಳೆಯ ಒಡಂಬಡಿಕೆ ಇದು. ಇದರ ಎರಡನೆಯ ಅರ್ಧವನ್ನು ನಾವು ಮರೆಯಬಾರದು.

೩

ಇನ್ನು ಐಚ್ಛಿಕತೆಯನ್ನು ಬಯಸುವವರ ಪಕ್ಷವನ್ನು ನ್ಯಾಯವಾಗಿ ಪರಿಶೀಲಿಸೋಣ. ಅವರು ಸೋಮಾರಿಗಳೆಂದು ಹೇಳಿ ಮುಗಿಸುವುದು ವಿಮರ್ಶೆಯಾಗದು.

೨೦೦೫ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ ‘ಗಿಟ್’ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಅದರ ಬಹುಭಾಗ ಸಿ ಭಾಷೆಯಲ್ಲಿದೆ. ಅದರ ಕೈಪಿಡಿಯಾದರೋ ‘ಆಸ್ಕಿಡಾಕ್’ ಎಂಬ ಗುರುತುಗಳ ಪದ್ಧತಿಯಲ್ಲಿದೆ. ಅದನ್ನು ಪುಟವಾಗಿ ರೂಪಿಸಬೇಕಾದರೆ ಮೊದಲು ಆಸ್ಕಿಡಾಕ್ ಸಾಧನವು ಅದನ್ನು ‘ಡಾಕ್‌ಬುಕ್’ ಎಂಬ ಮಧ್ಯರೂಪಕ್ಕೆ ತರಬೇಕು. ಆಮೇಲೆ ‘ಎಕ್ಸ್‌ಎಂಎಲ್‌ಟು’ ಎಂಬುದು ಬೇರೆ ಶೈಲಿಸೂತ್ರಗಳ ನೆರವಿನಿಂದ ಅದನ್ನು ಕೈಪಿಡಿಯ ಪುಟವನ್ನಾಗಿ ಮಾಡಬೇಕು. ಮೊದಲನೆಯ ಸಾಧನಕ್ಕೆ ಪೈಥಾನ್ ಭಾಷೆ ಬೇಕು, ಅದರ ಬದಲು ಬಳಸಬಹುದಾದ ಇನ್ನೊಂದಕ್ಕೆ ರೂಬಿ ಭಾಷೆ ಬೇಕು. ಹೀಗೆ ಒಂದು ಪುಟವನ್ನು ಓದಬೇಕಾದರೆ ತಂತ್ರಾಂಶಕ್ಕಿಂತ ಉದ್ದವಾದ ಸಾಧನಗಳ ಸರಪಣಿಯನ್ನೇ ಸ್ಥಾಪಿಸಿಕೊಳ್ಳಬೇಕಾಗುತ್ತದೆ. ಇವುಗಳನ್ನು ಸ್ಥಾಪಿಸಲು ಬಹುಜನ ಒಲ್ಲರು, ಆದಕಾರಣ ಸಾಮಾನ್ಯ ನಿರ್ಮಾಣದಲ್ಲಿ ಕೈಪಿಡಿಯನ್ನು ರೂಪಿಸುವುದಿಲ್ಲ ಎಂದು ಗಿಟ್‌ನ ಸ್ಥಾಪನಾಸೂಚನೆಗಳಲ್ಲಿಯೇ ಕಾರಣಸಹಿತವಾಗಿ ತಿಳಿಸಿದ್ದಾರೆ.

ಎರಡನೆಯ ಕಾರಣ ಅನ್ಯೋನ್ಯಾಶ್ರಯ ದೋಷ. ೨೦೦೮ರಲ್ಲಿ ಹೊರಬಂದ ‘ಸ್ಫಿಂಕ್ಸ್’ ಎಂಬ ಸಾಧನವು ಪೈಥಾನ್ ಭಾಷೆಯ ಕೈಪಿಡಿಗಾಗಿ ಹುಟ್ಟಿತು. ಅದನ್ನು ಬರೆದಿರುವುದು ಪೈಥಾನ್ ಭಾಷೆಯಲ್ಲಿಯೇ. ಪೈಥಾನನ್ನು ನಿರ್ಮಿಸುವುದಕ್ಕೆ ಅದರ ಕೈಪಿಡಿಯೂ ಸಿದ್ಧವಾಗಲೇಬೇಕೆಂದು ಕಡ್ಡಾಯ ಮಾಡಿದರೆ, ಪೈಥಾನಿಗೆ ಸ್ಫಿಂಕ್ಸ್ ಬೇಕು, ಸ್ಫಿಂಕ್ಸಿಗೆ ಪೈಥಾನ್ ಬೇಕು ಎಂದಾಗುತ್ತದೆ. ಬೀಜವೃಕ್ಷನ್ಯಾಯದ ಈ ತೊಡಕನ್ನು ತಪ್ಪಿಸಲು ಪೈಥಾನಿನ ಕೈಪಿಡಿಯನ್ನು ಮೂಲಪಾಠದೊಳಗೇ ಬೇರೊಂದು ವಿಭಾಗದಲ್ಲಿ ಇಟ್ಟು, ಅದರ ರೂಪಣವನ್ನು ಪ್ರತ್ಯೇಕ ಆಜ್ಞೆಗೆ ಬಿಟ್ಟಿದ್ದಾರೆ. ಹೊಸ ಬಗೆಯ ಸಂಸ್ಕಾರಕಕ್ಕೆ ಇಡೀ ವ್ಯವಸ್ಥೆಯನ್ನು ಬುಡದಿಂದ ಕಟ್ಟುವವರಿಗೆ ಇಂತಹ ತೊಡಕುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಆದುದರಿಂದಲೇ ಡೆಬಿಯನ್ ವಿತರಣೆಯು ‘ನೋಡಾಕ್’ ಎಂಬ ಹೆಸರಿನ ಆಯ್ಕೆಯನ್ನು ತನ್ನ ನಿಯಮಾವಳಿಯಲ್ಲಿಯೇ ಸೇರಿಸಿಕೊಂಡಿದೆ. ಆ ಆಯ್ಕೆಯಿಂದ ಕಟ್ಟುವಾಗ ಕೈಪಿಡಿಯನ್ನೂ ಅದಕ್ಕೆ ಬೇಕಾದ ಸಾಧನಗಳನ್ನೂ ಬಿಟ್ಟುಬಿಡಬಹುದು.

ಮೂರನೆಯದಾಗಿ, ಕೆಲವು ಪುಟಗಳನ್ನು ರೂಪಿಸುವುದೇ ಕೆಲವು ಸಂದರ್ಭಗಳಲ್ಲಿ ಅಸಾಧ್ಯ. ‘ಹೆಲ್ಪ್‌-ಟು-ಮ್ಯಾನ್’ ಎಂಬ ಸಾಧನವು ತಂತ್ರಾಂಶವನ್ನು ಒಮ್ಮೆ ನಡೆಸಿ, ಅದು ತನ್ನ ವಿಷಯದಲ್ಲಿ ತಾನೇ ಹೇಳುವ ಸಂಕ್ಷಿಪ್ತ ಸಹಾಯವನ್ನು ಆಧಾರವಾಗಿಟ್ಟುಕೊಂಡು ಪುಟವನ್ನು ಬರೆಯುತ್ತದೆ. ಆದರೆ ಒಂದು ಬಗೆಯ ಯಂತ್ರದಲ್ಲಿ ಕುಳಿತು ಇನ್ನೊಂದು ಬಗೆಯ ಯಂತ್ರಕ್ಕಾಗಿ ನಿರ್ಮಿಸುವಾಗ, ಹುಟ್ಟಿದ ತಂತ್ರಾಂಶವನ್ನು ನಿರ್ಮಿಸಿದ ಯಂತ್ರದಲ್ಲಿ ನಡೆಸಲಾಗುವುದಿಲ್ಲ. ನಡೆಸಲಾಗದಿದ್ದರೆ ಪುಟವೂ ಇಲ್ಲ.

ಈ ಮೂರು ಕಾರಣಗಳೂ ದೃಢವಾದುವು. ಕೈಪಿಡಿಗಾಗಿ ತಂತ್ರಾಂಶವೇ ಹುಟ್ಟದಂತಾಗುವುದು ಯಾರಿಗೂ ಬೇಡವಾದ ಫಲ. ಆದರೆ ಈ ಕಾರಣಗಳೆಲ್ಲ ರೂಪಿಸುವ ಸಾಧನದ ಭಾರವನ್ನು ಕುರಿತವು. ಕೈಪಿಡಿ ಬೇಡವೆಂಬುದಕ್ಕೆ ಇವುಗಳಲ್ಲಿ ಒಂದೂ ಆಧಾರವಾಗಲಾರದು.

೪

ಈಗ ಆಕ್ಷೇಪದ ಪಕ್ಷಕ್ಕೆ ಬರೋಣ. ನಿರ್ಮಾಣದ ಆಯ್ಕೆಯನ್ನು ಮಾಡುವವನು ನಿರ್ಮಾಪಕನು. ಅವನು ಸಾಮಾನ್ಯವಾಗಿ ಆ ತಂತ್ರಾಂಶವನ್ನು ಬಲ್ಲವನು. ಕೈಪಿಡಿಯ ಅಗತ್ಯ ಅವನಿಗೆ ಕಡಮೆ. ಅವನಿಗೆ ಕಾಣುವುದು ಕಾಲದ ವ್ಯಯ, ಸ್ಥಳದ ವ್ಯಯ, ಸಾಧನ ದೊರೆಯದೆ ನಿಂತುಹೋದ ನಿರ್ಮಾಣ. ಕೈಪಿಡಿಯಿಲ್ಲದೆ ತೊಳಲುವ ಓದುಗನು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಏಕೆಂದರೆ ಓದುಗನು ಬರುವುದು ತಿಂಗಳುಗಳ ಅನಂತರ, ಬೇರೊಂದು ಊರಿನಲ್ಲಿ, ಬೇರೊಬ್ಬನು ಸಿದ್ಧಮಾಡಿಕೊಟ್ಟ ಯಂತ್ರದ ಮುಂದೆ. ವ್ಯಯವನ್ನು ಕಾಣುವವನು ಒಬ್ಬ, ನಷ್ಟವನ್ನು ಕಾಣುವವನು ಇನ್ನೊಬ್ಬನಾದಾಗ ತಕ್ಕಡಿ ಒಂದೇ ಕಡೆಗೆ ವಾಲುವುದು ಸಹಜ.

ವಾಲಿದ ತಕ್ಕಡಿಗೆ ಉದಾಹರಣೆಯಾಗಿ ‘ಸ್ವಯಂ’ ಎಂಬ ಆಯ್ಕೆಯನ್ನು ನೋಡಬಹುದು. ‘ಮೆಸಾನ್’ ಎಂಬ ನಿರ್ಮಾಣ ಸಾಧನದಲ್ಲಿ ಇಂತಹ ಆಯ್ಕೆಗಳಿಗೆ ಮೂರು ಬೆಲೆಗಳುಂಟು: ಬೇಕು, ಬೇಡ, ಸ್ವಯಂ. ಮೊದಲನೆಯದರಲ್ಲಿ ಬೇಕಾದ ಸಾಧನ ಇಲ್ಲದಿದ್ದರೆ ನಿರ್ಮಾಣ ನಿಲ್ಲುತ್ತದೆ. ಎರಡನೆಯದರಲ್ಲಿ ಕೈಪಿಡಿ ಇಲ್ಲವೆಂಬುದು ಮೊದಲೇ ಗೊತ್ತು. ಮೂರನೆಯದರಲ್ಲಿ, ಸಾಧನವು ಯಂತ್ರದಲ್ಲಿದ್ದರೆ ಕೈಪಿಡಿ ಸಿದ್ಧವಾಗುತ್ತದೆ, ಇಲ್ಲದಿದ್ದರೆ ಇಲ್ಲ. ಮೇಲುನೋಟಕ್ಕೆ ಇದು ಉಪಕಾರದಂತೆ ತೋರುತ್ತದೆ. ಆದರೆ ಒಂದೇ ಮೂಲಪಾಠದಿಂದ ಒಂದೇ ಆಜ್ಞೆಯನ್ನು ಕೊಟ್ಟು ನಿರ್ಮಿಸಿದ ಇಬ್ಬರಿಗೆ ಬೇರೆ ಬೇರೆ ಫಲ ದೊರೆಯುತ್ತದೆ. ಅದಕ್ಕೆ ಕಾರಣ ಅವರ ಯಂತ್ರದಲ್ಲಿ ಆಗ ಏನಿದ್ದಿತು, ಏನಿರಲಿಲ್ಲ ಎಂಬುದು ಮಾತ್ರ. ಕೈಪಿಡಿ ಬೇಡವೆಂದು ಯಾರೂ ನಿರ್ಧರಿಸಿಲ್ಲ, ಆದರೂ ಕೈಪಿಡಿ ಇಲ್ಲ. ಹೊಣೆಯಿಲ್ಲದ ಈ ಅಭಾವವು ಉದ್ದೇಶಪೂರ್ವಕವಾದ ಅಭಾವಕ್ಕಿಂತ ಕೆಟ್ಟದ್ದು.

ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೆಂದರೆ, ಕೈಪಿಡಿಗಳೆಲ್ಲ ಈಗ ಅಂತರಜಾಲದಲ್ಲಿವೆ, ಬೇಕಾದವರು ಅಲ್ಲಿ ಓದಿಕೊಳ್ಳಬಹುದು ಎಂಬುದು. ಜಾಲಸಂಪರ್ಕವಿಲ್ಲದ ಪ್ರಯೋಗಶಾಲೆ, ಪರೀಕ್ಷೆಯ ಕೊಠಡಿ, ಭದ್ರತೆಗಾಗಿ ಹೊರಗಿನ ಸಂಪರ್ಕವನ್ನು ಕಡಿದಿರುವ ಕಚೇರಿ ಇವುಗಳ ಮಾತು ಹಾಗಿರಲಿ. ಗ್ರಂಥಸಂಪಾದನೆಯ ಅಭ್ಯಾಸವಿರುವವರಿಗೆ ಇದಕ್ಕಿಂತ ಮುಖ್ಯವಾದ ದೋಷವೊಂದು ಹೊಳೆಯದಿರದು. ಅದು ಪಾಠಾಂತರದ ದೋಷ. ತಂತ್ರಾಂಶಕ್ಕೆ ಆವೃತ್ತಿಗಳುಂಟು. ಜಾಲದಲ್ಲಿ ಮೊದಲು ಕೈಗೆ ಸಿಗುವ ಪುಟವು ಸಾಮಾನ್ಯವಾಗಿ ಇತ್ತೀಚಿನ ಆವೃತ್ತಿಯದು. ಓದುಗನ ಯಂತ್ರದಲ್ಲಿರುವುದು ಎರಡೋ ಮೂರೋ ವರ್ಷ ಹಿಂದಿನದಾಗಿರಬಹುದು. ಪುಟದಲ್ಲಿ ಹೇಳಿದ ಸೌಲಭ್ಯ ಅವನ ಆವೃತ್ತಿಯಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಅವನ ಆವೃತ್ತಿಯಲ್ಲಿರುವ ದೋಷವು ಪುಟದಲ್ಲಿ ನಮೂದಾಗಿರುವುದಿಲ್ಲ. ಒಂದು ಶಾಖೆಯ ಪ್ರತಿಯನ್ನು ಇಟ್ಟುಕೊಂಡು ಇನ್ನೊಂದು ಶಾಖೆಗೆ ಬರೆದ ಟೀಕೆಯನ್ನು ಓದಿದಂತಾಗುತ್ತದೆ. ತಂತ್ರಾಂಶದೊಡನೆಯೇ ನಿರ್ಮಿತವಾಗಿ ಅದರ ಪಕ್ಕದಲ್ಲಿಯೇ ಸ್ಥಾಪಿತವಾದ ಪುಟಕ್ಕೆ ಈ ಅಪಾಯ ಬಹಳ ಕಡಮೆ. ಅದು ಆ ಪ್ರತಿಗೇ ಸೇರಿದ ಟೀಕೆ.

ಬರೆಯುವ ಕೆಲಸಕ್ಕೂ ಇದರಿಂದ ಹಾನಿಯಿದೆ. ನಿರ್ಮಾಣದಲ್ಲಿ ಸೇರದ ಭಾಗದ ತಪ್ಪುಗಳು ಯಾರಿಗೂ ಕಾಣುವುದಿಲ್ಲ. ಮೂಲಪಾಠದಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ನಿರ್ಮಾಣ ಅಲ್ಲಿಯೇ ನಿಂತು ತಪ್ಪನ್ನು ತೋರಿಸುತ್ತದೆ. ಕೈಪಿಡಿಯಲ್ಲಿ ಇಡೀ ಅಧ್ಯಾಯವೇ ಮುರಿದಿದ್ದರೂ, ಅದನ್ನು ರೂಪಿಸದ ನಿರ್ಮಾಣವು ಯಶಸ್ವಿಯಾಯಿತೆಂದೇ ವರದಿ ಬರುತ್ತದೆ. ತಂಡದವರೆಲ್ಲರೂ ಆ ಆಯ್ಕೆಯನ್ನು ಬಿಟ್ಟೇ ಕೆಲಸಮಾಡುತ್ತಿದ್ದರೆ ಕೈಪಿಡಿಯ ಬರೆಹವು ಕ್ರಮೇಣ ಹಳಸುತ್ತದೆ. ಹಳಸಿದ ಮೇಲೆ, ‘ಹೇಗೂ ಅದನ್ನು ನಂಬುವಂತಿಲ್ಲ’ ಎಂಬುದೇ ಅದನ್ನು ಕೈಬಿಡಲು ಕಾರಣವಾಗುತ್ತದೆ. ನಡುವಿನ ಕೆಲಸಕ್ಕೆ ಕೊಟ್ಟ ಸ್ವಾತಂತ್ರ್ಯ ಮೊದಲನೆಯದಕ್ಕೆ ಹರಡುವುದೆಂದರೆ ಹೀಗೆ.

೫

ತಲಪಿಸುವ ಕೆಲಸಕ್ಕೆ ಅದು ಹೇಗೆ ಹರಡಿತೆಂಬುದಕ್ಕೆ ಈಚಿನ ಚರಿತ್ರೆಯಲ್ಲಿ ಒಂದು ದೃಷ್ಟಾಂತವಿದೆ. ಗ್ನೂ ನಿಯಮಗಳನ್ನು ಅನುಸರಿಸುವ ಹಳೆಯ ಪದ್ಧತಿಯಲ್ಲಿ, ಪ್ರಕಟಣೆಗಾಗಿ ಮೂಲಪಾಠದ ಕಟ್ಟನ್ನು ಕಟ್ಟುವಾಗ ರೂಪಿತವಾದ ಪುಟಗಳನ್ನೂ ಅದರಲ್ಲಿ ಸೇರಿಸುತ್ತಿದ್ದರು. ಕಟ್ಟನ್ನು ಪಡೆದವನ ಬಳಿ ಸಾಧನವಿಲ್ಲದಿದ್ದರೂ ಕೈಪಿಡಿ ಇರುತ್ತಿದ್ದಿತು. ಮೆಸಾನ್ ಮೊದಲಾದ ಹೊಸ ಸಾಧನಗಳು ಕಟ್ಟನ್ನು ಬೇರೆ ರೀತಿಯಲ್ಲಿ ಕಟ್ಟುತ್ತವೆ. ಕರ್ತೃಗಳ ಭಂಡಾರದಲ್ಲಿ ದಾಖಲಾದ ಕಡತಗಳಷ್ಟೇ ಕಟ್ಟಿಗೆ ಸೇರುತ್ತವೆ. ರೂಪಿತವಾದ ಪುಟಗಳು ಭಂಡಾರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ವಿಶೇಷವಾಗಿ ಏರ್ಪಾಡು ಮಾಡಿದ ಹೊರತು ಕಟ್ಟಿಗೂ ಸೇರುವುದಿಲ್ಲ.

ಅನಂತರ ೨೦೨೪ನೆಯ ಮಾರ್ಚ್ ತಿಂಗಳಿನಲ್ಲಿ ‘ಎಕ್ಸ್‌ಝಡ್’ ಎಂಬ ತಂತ್ರಾಂಶದ ಪ್ರಕರಣ ಬೆಳಕಿಗೆ ಬಂದಿತು. ಪ್ರಕಟವಾದ ಕಟ್ಟಿನಲ್ಲಿ ಗುಟ್ಟಾಗಿ ದುಷ್ಟವಾದ ಕ್ರಮವಿಧಿಯನ್ನು ಸೇರಿಸಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಅವರು ಪತ್ತೆಮಾಡಿದರು. ಅದನ್ನು ಎಚ್ಚರಗೊಳಿಸುವ ನಿರ್ಮಾಣಕಡತವು ಕಟ್ಟಿನಲ್ಲಿದ್ದಿತು, ಕರ್ತೃಗಳ ಭಂಡಾರದಲ್ಲಿರಲಿಲ್ಲ. ಕಟ್ಟಿಗೂ ಭಂಡಾರಕ್ಕೂ ಭೇದವಿರುವುದೇ ಅಪಾಯವೆಂದು ಅಲ್ಲಿಂದೀಚೆಗೆ ಹಲವರು ಭಾವಿಸಿದ್ದಾರೆ. ಭಂಡಾರದಿಂದಲೇ ನೇರವಾಗಿ ನಿರ್ಮಿಸುವುದು ಉತ್ತಮವೆಂಬ ವಾದಕ್ಕೆ ಬಲ ಬಂದಿದೆ. ಆ ಭಾವನೆಗೆ ಕಾರಣವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಒಂದು ಪರಿಣಾಮವನ್ನು ಗಮನಿಸಬೇಕು. ಮೊದಲೇ ರೂಪಿಸಿಟ್ಟ ಪುಟವೂ ಭಂಡಾರದಲ್ಲಿಲ್ಲದೆ ಕಟ್ಟಿನಲ್ಲಿ ಮಾತ್ರ ಇರುವ ಕಡತವೇ. ಸಂಶಯದ ದೃಷ್ಟಿಗೆ ಅದೂ ಒಳಗಾಗುತ್ತದೆ.

ಹೀಗಾಗಿ ಹಳೆಯ ಒಡಂಬಡಿಕೆಯ ಮೊದಲನೆಯ ಅರ್ಧ ಉಳಿದಿದೆ, ಎರಡನೆಯ ಅರ್ಧ ಕಳಚಿಹೋಗುತ್ತಿದೆ. ರೂಪಿಸುವುದು ಐಚ್ಛಿಕವಾಗಬಹುದಾಗಿದ್ದುದು ರೂಪಿತವಾದ ಪ್ರತಿಯೊಂದು ಜೊತೆಯಲ್ಲಿದ್ದುದರಿಂದ. ಆ ಪ್ರತಿ ಇಲ್ಲವಾದ ಮೇಲೂ ‘ಐಚ್ಛಿಕ’ವೆಂಬ ಮಾತು ಅದೇ ಅರ್ಥದಲ್ಲಿ ನಿಲ್ಲುವುದೇ ಎಂದು ಕೇಳಬೇಕಾಗಿದೆ.

೬

ಹಾಗಾದರೆ ಮಾಡತಕ್ಕದ್ದೇನು? ಇರುವ ಪದ್ಧತಿಗಳಲ್ಲಿಯೇ ಕೆಲವು ಅನುಕರಣೀಯವಾಗಿವೆ.

ಮೊದಲನೆಯದು, ಅಭಾವವನ್ನು ಮರೆಮಾಚದಿರುವುದು. ಗ್ನೂ ಯೋಜನೆಯ ‘ಕೋರ್‌ಯುಟಿಲ್ಸ್’ ಎಂಬ ಸಂಗ್ರಹದಲ್ಲಿ, ಪರ್ಲ್ ಭಾಷೆಯಿಲ್ಲದ ಯಂತ್ರದಲ್ಲಿ ಪುಟವನ್ನು ರೂಪಿಸಲಾಗದಿದ್ದಾಗ ಅದರ ಸ್ಥಾನದಲ್ಲಿ ಒಂದು ಚಿಕ್ಕ ಪುಟವನ್ನು ಇಡುವ ಏರ್ಪಾಡಿದೆ. ಈ ಕಾರಣದಿಂದ ಪುಟವನ್ನು ರಚಿಸಲಾಗಲಿಲ್ಲ, ಸಂಕ್ಷಿಪ್ತ ಸಹಾಯವನ್ನು ಆಜ್ಞೆಯಿಂದಲೇ ಕೇಳಿ ಪಡೆಯಬಹುದು ಎಂದು ಅದು ಓದುಗನಿಗೆ ತಿಳಿಸುತ್ತದೆ. ಡೆಬಿಯನ್ ವಿತರಣೆಯಲ್ಲಿ ಪರ್ಲ್ ಭಾಷೆಯ ಕೈಪಿಡಿ ಬೇರೆ ಪ್ಯಾಕೇಜಿನಲ್ಲಿದೆ. ಅದನ್ನು ಸ್ಥಾಪಿಸದೆ ಕೈಪಿಡಿಯನ್ನು ಕೇಳಿದವನಿಗೆ ಯಾವ ಪ್ಯಾಕೇಜನ್ನು ಸ್ಥಾಪಿಸಬೇಕೆಂಬ ಉತ್ತರ ಬರುತ್ತದೆ. ಉಬುಂಟುವಿನ ಕಿರಿದುಗೊಳಿಸಿದ ಪ್ರತಿಗಳಲ್ಲಿಯೂ ಹೀಗೆಯೇ: ಅನವಶ್ಯಕವೆಂದು ಕೆಲವನ್ನು ತೆಗೆದಿದೆ, ಬೇಕಾದರೆ ಇಂತಹ ಆಜ್ಞೆಯಿಂದ ಮತ್ತೆ ತರಿಸಿಕೊಳ್ಳಬಹುದು ಎಂದು ಹೇಳುತ್ತದೆ. ‘ಇಲ್ಲ’ ಎನ್ನುವುದಕ್ಕೂ ‘ಇಲ್ಲಿಲ್ಲ, ಅಲ್ಲಿದೆ’ ಎನ್ನುವುದಕ್ಕೂ ಓದುಗನ ದೃಷ್ಟಿಯಿಂದ ಬಹಳ ಅಂತರವಿದೆ. ತುಂಡಾದ ಓಲೆಯ ಜಾಗದಲ್ಲಿ ‘ಇಲ್ಲಿ ಗ್ರಂಥಪಾತ’ ಎಂದು ಗುರುತಿಡುವ ಪ್ರಾಮಾಣಿಕ ಸಂಪಾದಕನ ಕೆಲಸವಿದು.

ಎರಡನೆಯದು, ಸಾಧನದ ಭಾರವನ್ನೇ ಇಳಿಸುವುದು. ಓಪನ್‌ಬಿಎಸ್‌ಡಿ ವ್ಯವಸ್ಥೆಯವರು ೨೦೧೦ರ ಸುಮಾರಿಗೆ ಜಿ-ರಾಫನ್ನು ಬಿಟ್ಟು, ಕ್ರಿಸ್ಟಾಪ್ಸ್ ಜೋನ್ಸನ್ಸ್ ಅವರು ಆರಂಭಿಸಿದ ‘ಮ್ಯಾನ್‌ಡಾಕ್’ ಎಂಬ ಚಿಕ್ಕ ಸಾಧನವನ್ನು ತಮ್ಮ ಮೂಲವ್ಯವಸ್ಥೆಗೆ ಸೇರಿಸಿಕೊಂಡರು. ಅದು ಸಿ ಭಾಷೆಯಲ್ಲಿದೆ, ವೇಗವಾಗಿದೆ. ಪುಟಗಳನ್ನು ಮೊದಲೇ ರೂಪಿಸಿಡಬೇಕಾದ ಅಗತ್ಯವೇ ಇಲ್ಲದಂತೆ, ಓದುಗನು ಕೇಳಿದಾಗಲೇ ರೂಪಿಸಿಕೊಡುತ್ತದೆ. ೧೯೭೧ರಲ್ಲಿದ್ದಂತೆ ಕೈಪಿಡಿಯೂ ಅದನ್ನು ರೂಪಿಸುವ ಸಾಧನವೂ ಅಲ್ಲಿ ಮತ್ತೆ ಒಂದೇ ಮನೆಯಲ್ಲಿವೆ. ಸಾಧನ ಹಗುರವಾದಾಗ ಐಚ್ಛಿಕತೆಯ ಪ್ರಶ್ನೆಯ ತೀಕ್ಷ್ಣತೆಯೇ ತಗ್ಗುತ್ತದೆ.

ಮೂರನೆಯದು, ರೂಪಿತವಾದ ಪುಟಗಳನ್ನು ಬೇರೆಯಾಗಿ, ಬಹಿರಂಗವಾಗಿ ಇಡುವುದು. ಗಿಟ್‌ನ ಕರ್ತೃಗಳು ಸಿದ್ಧಪುಟಗಳಿಗಾಗಿಯೇ ಪ್ರತ್ಯೇಕ ಭಂಡಾರವನ್ನು ಇಟ್ಟಿದ್ದಾರೆ. ಸಾಧನಗಳ ಸರಪಣಿಯಿಲ್ಲದವನು ಅಲ್ಲಿಂದ ಪುಟಗಳನ್ನು ತಂದು ಸ್ಥಾಪಿಸಿಕೊಳ್ಳಲು ಒಂದು ಆಜ್ಞೆಯೂ ಇದೆ. ಕಟ್ಟಿಗೂ ಭಂಡಾರಕ್ಕೂ ಭೇದವಿರಬಾರದೆಂಬ ಹೊಸ ಎಚ್ಚರಿಕೆಗೂ, ಓದುಗನಿಗೆ ಸಿದ್ಧಪ್ರತಿ ಇರಬೇಕೆಂಬ ಹಳೆಯ ಒಡಂಬಡಿಕೆಗೂ ಇಲ್ಲಿ ವಿರೋಧವಿಲ್ಲ.

ಇವುಗಳ ಮೇಲಿಂದ ಐಚ್ಛಿಕತೆಗೆ ಹಾಕಬೇಕಾದ ಎಲ್ಲೆಗಳನ್ನು ಹೀಗೆ ಹೇಳಬಹುದು. ಕೈಪಿಡಿಯ ಮೂಲಬರೆಹವು ತಂತ್ರಾಂಶದ ಮೂಲಪಾಠದೊಡನೆಯೇ ಇರತಕ್ಕದ್ದು. ನಡೆವಳಿಕೆಯನ್ನು ಬದಲಿಸುವವನು ವಿವರಣೆಯನ್ನೂ ಜೊತೆಯಲ್ಲಿಯೇ ಬದಲಿಸತಕ್ಕದ್ದು. ಭಾರವಾದ ಸಾಧನಗಳನ್ನು ಬೇಡುವ ಮುದ್ರಣರೂಪಗಳನ್ನು ಕೇಳಿದಾಗ ಮಾತ್ರ ರೂಪಿಸಿದರೆ ಸಾಕು; ಒಂದೊಂದು ಆಜ್ಞೆಗೂ ಒಂದು ಸಾದಾ ಪುಟ ಮಾತ್ರ ಸಾಧ್ಯವಾದಮಟ್ಟಿಗೆ ಯಾವಾಗಲೂ ಇರಬೇಕು. ಕೈಪಿಡಿ ಬೇಕೆಂದು ಕೇಳಿದಾಗ ಸಾಧನವಿಲ್ಲದಿದ್ದರೆ ನಿರ್ಮಾಣವು ನಿಲ್ಲ ಬೇಕು. ಬೇಡವೆಂದಿದ್ದರೆ ಕೊನೆಯ ವರದಿಯಲ್ಲಿ ಆ ಸಂಗತಿ ನಮೂದಾಗಬೇಕು. ನಿರ್ಮಾಪಕರು ಎಲ್ಲೆಲ್ಲಿ ಅದನ್ನು ಬಿಟ್ಟರೂ, ಕರ್ತೃಗಳ ಸ್ವಂತ ಪರೀಕ್ಷೆಯಲ್ಲಿ ಪ್ರತಿಸಲವೂ ಕೈಪಿಡಿಯನ್ನು ರೂಪಿಸಿ ನೋಡಬೇಕು. ಇಷ್ಟು ನಡೆದರೆ ಐಚ್ಛಿಕತೆಯಿಂದ ಯಾರಿಗೂ ಅನ್ಯಾಯವಾಗುವುದಿಲ್ಲ.

೭

ಕೊನೆಯಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಮಾತು. ತಂತ್ರಾಂಶದ ಕೈಪಿಡಿಯನ್ನು ಸಾಹಿತ್ಯವಿಮರ್ಶೆಯ ಕಕ್ಷೆಗೆ ತರುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಗ್ರಂಥವು ಯಾವ ಕೈಗಳನ್ನು ದಾಟಿ ಓದುಗನನ್ನು ಸೇರುತ್ತದೆ, ದಾರಿಯಲ್ಲಿ ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ವಿಚಾರಿಸುವುದು ನಮ್ಮ ಶಾಸ್ತ್ರದ ಹಳೆಯ ಕೆಲಸವೇ. ಆ ಅಭ್ಯಾಸವನ್ನು ಇಲ್ಲಿಯೂ ಬಳಸಬಹುದು. ಕಾಲೇಜಿನ ಪ್ರಯೋಗಶಾಲೆಯ ಒಂದು ಯಂತ್ರವನ್ನು ಜಾಲದಿಂದ ಬಿಡಿಸಿ, ದಿನವೂ ಬಳಸುವ ಹತ್ತು ಆಜ್ಞೆಗಳ ಕೈಪಿಡಿಯನ್ನು ವಿದ್ಯಾರ್ಥಿಗಳು ಕೇಳಿ ನೋಡಲಿ. ಎಷ್ಟಕ್ಕೆ ಪುಟ ದೊರೆಯಿತು, ದೊರೆಯದಿದ್ದರೆ ಅದನ್ನು ಬಿಟ್ಟವರು ಕರ್ತೃಗಳೋ, ವಿತರಕರೋ, ಪ್ರಯೋಗಶಾಲೆಯಲ್ಲಿ ಸ್ಥಾಪಿಸಿದವರೋ, ಬಿಟ್ಟಿರುವುದನ್ನು ಎಲ್ಲಿಯಾದರೂ ತಿಳಿಸಿದ್ದಾರೆಯೋ ಇಲ್ಲವೋ ಎಂಬುದನ್ನು ಮೂಲಪಾಠದವರೆಗೆ ಹಿಂಬಾಲಿಸಿ ಬರೆಯಲಿ. ಮುಕ್ತ ತಂತ್ರಾಂಶವಾದುದರಿಂದ ಹೀಗೆ ಹಿಂಬಾಲಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ದೊರೆಯದ ಪುಟವೊಂದನ್ನು ಆ ವಿದ್ಯಾರ್ಥಿಯೇ ಬರೆದು ಕರ್ತೃಗಳಿಗೆ ಕಳುಹಿಸಿದರೆ ಇನ್ನೂ ಒಳ್ಳೆಯದು. ಪುಟದ ಕೊನೆಯಲ್ಲಿ ‘ದೋಷಗಳು’ ಎಂಬ ವಿಭಾಗವನ್ನು ಮಾತ್ರ ಅವನು ಬಿಡದಿರಲಿ.